ಒಂದು ಓದು, ನಾಲ್ಕು ಬರಿ

"ಓದು," ಎಂದ ಅಪ್ಪ.

ಪುಟ್ಟಿ ನೆಲಕ್ಕೆ ಮಂಡಿಯೂರಿ ಕೆಂಪು ಕಾರಿನ ಮುಂದಿನ ಚಕ್ರಕ್ಕೆ ಟಾರ್ಚ್ ಹಿಡಿದಳು. ಟೈರಿನ ಪಕ್ಕೆಯ ಮೇಲೆ ಧೂಳು ಕೂತಿತ್ತು. ಹೆಬ್ಬೆರಳಿನಿಂದ ಉಜ್ಜಿದಳು. ಕಪ್ಪಿನ ಮೇಲೆ ಕಪ್ಪು ಅಂಕಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ನೆರಳು ಬಿದ್ದು ಕಾಣಿಸುತ್ತದೆ.

"ಇನ್ನೂರ ಇಪ್ಪತ್ತೈದು."

"ಹೂಂ."

"ನಲವತ್ತು."

"ಹೂಂ."

"ಹದಿನೆಂಟು."

"ಬರಿ."

ಪುಟ್ಟಿ ಎದ್ದು ಹೋಗಿ ಗೋಡೆಯ ಕರಿಹಲಗೆಯ ಮೇಲೆ ಬರೆದಳು. 225/40 R18. ಅದರ ಮುಂದೆ ಒಂದು ಗುಣಾಕಾರದ ಗುರುತು ಹಾಕಿ ನಾಲ್ಕು ಎಂದು ಬರೆದಳು.

ಒಂದು ಓದು, ನಾಲ್ಕು ಬರಿ. ಅದು ಅಂಗಡಿಯ ಪದ್ಧತಿ. ಅವರ ಟೈರ್ ಅಂಗಡಿಗೆ ಬರುವುದು ಸಣ್ಣ ಕಾರು, ಹಾಲಿನ ವ್ಯಾನು, ಶಾಲೆಯ ವ್ಯಾನು. ಯಾವುದಕ್ಕೇ ಆಗಲಿ, ನಾಲ್ಕು ಚಕ್ರಕ್ಕೂ ಒಂದೇ ಅಳತೆ. "ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು. ಪಾತ್ರೆ ಪೂರ್ತಿ ಹಿಸುಕಬೇಕಾ?" ಎನ್ನುತ್ತಿದ್ದ ಗಾಳಿಮಾಮ.

ಗಾಳಿಮಾಮ ಅಂಗಡಿಯಲ್ಲಿ ಗಾಳಿ ತುಂಬುವವನು. ಎರಡು ವರ್ಷದ ಹಿಂದೆ ಅಳತೆ ಓದಿ ಬರೆಯುವ ಕೆಲಸ ಅವನದೇ ಆಗಿತ್ತು. ಒಂದು ದಿನ ನೂರ ಎಂಬತ್ತೈದನ್ನು ನೂರ ಅರವತ್ತೈದು ಎಂದು ಬರೆದುಬಿಟ್ಟ. ಅಪ್ಪ ಬೈಯಲಿಲ್ಲ. ಅವನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಅಷ್ಟೇ. ಆಮೇಲೆ ಅದು ಅವನಿಗೆ ಸಿಗಲೇ ಇಲ್ಲ.

"ಅವತ್ತಿಂದ ನಂಗೆ ಬರೀ ಗಾಳಿ," ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಈಗ ಸೀಮೆಸುಣ್ಣ ಪುಟ್ಟಿಯದು. ಶಾಲೆ ಬಿಟ್ಟು ಬಂದ ಮೇಲೆ ಬರುವ ಗಾಡಿಗಳನ್ನೆಲ್ಲ ಅವಳೇ ಓದಬೇಕು. ಬೆಳಿಗ್ಗೆ ಬಂದವು ಕೂಡ ಅವಳಿಗಾಗಿ ಕಾದಿರುತ್ತಿದ್ದವು. ಸುಮ್ಮನೆ ಯಾಕೆ ಕೂತಿರಬೇಕು ಅಂತ ಅಪ್ಪ ತನಗೆ ಆಡಲು ಕೊಟ್ಟ ಕೆಲಸ ಅದು ಎಂದು ಪುಟ್ಟಿ ಅಂದುಕೊಂಡಿದ್ದಳು. ಆದರೂ ಅವಳಿಗೆ ಅದು ಬೇಕಿತ್ತು. ಯಾಕೆಂದರೆ ಅಪ್ಪ ದಿನಕ್ಕೆ ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ಆ ಅಂಕಿಗಳೇ.

ಮನೆಯ ಮಾತೆಲ್ಲ ಅಮ್ಮನ ಇಲಾಖೆ. ಅಮ್ಮನಿಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ತಿಂಗಳಿಗೊಮ್ಮೆ ಎರಡು ದಿನ ಬರುತ್ತಿದ್ದಳು. ಅವಳು ಹೋದ ಮೇಲೆ ಆ ಇಲಾಖೆಗೆ ಬೇರೆ ಯಾರೂ ಬಂದಿರಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಅಪ್ಪ ಮಗಳು ಎದುರುಬದುರು ಕೂತು ಊಟ ಮಾಡುತ್ತಿದ್ದರು. ತಟ್ಟೆಯ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು.

ಕೆಂಪು ಕಾರಿನ ಮಾಲೀಕಳು ಒಬ್ಬ ಅಜ್ಜಿ. ಮೋಟು ಕೂದಲು, ಗಂಡಸರ ವಾಚು. ಮೂವತ್ತೊಂದು ವರ್ಷ ಆಂಬುಲೆನ್ಸ್ ಓಡಿಸಿ ರಿಟೈರ್ ಆಗಿದ್ದಳಂತೆ. ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಈ ಹಳೇ ಸ್ಪೋರ್ಟ್ಸ್ ಕಾರನ್ನು ಈಗ ಕೊಂಡಿದ್ದಳು.

ಗಾಳಿಮಾಮ ಕಾರಿನೊಳಗೆ ಬಗ್ಗಿ ನೋಡಿದ. "ಎರಡೇ ಸೀಟು! ಸಂಬಂಧಿಕರು ಬಂದ್ರೆ ಡಿಕ್ಕೀಲಿ ಹಾಕ್ತೀರಾ?"

"ಸಂಬಂಧಿಕರಿಂದ ತಪ್ಪಿಸ್ಕೊಳ್ಳೋಕೇ ಎರಡು ಸೀಟಿಂದು ತಗೊಂಡಿದ್ದು ಕಣಯ್ಯಾ."

ಅಪ್ಪ ಟೈರನ್ನು ಉಗುರಿನಿಂದ ಕೆರೆದ. "ಮೇಲಿನ ಗೀರು ಸವೆದೇ ಇಲ್ಲ. ಆದ್ರೂ ಇದ್ರಲ್ಲಿ ಓಡ್ಸೋಕಾಗಲ್ಲಮ್ಮ. ರಬ್ಬರ್ ಸತ್ತಿದೆ. ಓಡಿಸದೆ ಹಾಗೇ ನಿಲ್ಲಿಸಿದ್ರೆ ಟೈರು ಬಿರುಕು ಬಿಡುತ್ತೆ. ಪುಟ್ಟಿ, ವಯಸ್ಸು ಓದು."

ಟೈರಿಗೂ ವಯಸ್ಸು ಬರೆದಿರುತ್ತದೆ. ಸಣ್ಣ ಕೋಳಿಮೊಟ್ಟೆಯಂಥ ಗೆರೆಯೊಳಗೆ ನಾಲ್ಕು ಅಂಕಿ. ಮೊದಲ ಎರಡು ಹುಟ್ಟಿದ ವಾರ, ಕೊನೆಯ ಎರಡು ಹುಟ್ಟಿದ ವರ್ಷ. ಪುಟ್ಟಿ ಲೆಕ್ಕ ಹಾಕಿದಳು. "ನನಗಿಂತ ಎರಡು ವರ್ಷ ದೊಡ್ಡದು."

"ಹಾಗಾದ್ರೆ ಅಕ್ಕ ಅನ್ನು," ಎಂದಳು ಅಜ್ಜಿ. "ಭಾನುವಾರದೊಳಗೆ ಆಗುತ್ತಾ? ಬೆಟ್ಟದ ರಸ್ತೆಗೆ ಹೊರಟಿದೀನಿ."

"ಡಿಪೋ ಲಾರಿ ನಾಳೆ ಸಂಜೆ ಐದಕ್ಕೆ ಲೋಡ್ ಆಗುತ್ತೆ. ಶುಕ್ರವಾರ ಇಲ್ಲಿರುತ್ತೆ," ಎಂದ ಅಪ್ಪ. "ಅಲ್ಲೀವರೆಗೂ ಕಾರು ಇಲ್ಲೇ ಇರಲಿ. ಈ ಟೈರಲ್ಲಿ ನಿಮ್ಮನ್ನ ರೋಡಿಗೆ ಬಿಡಲ್ಲ."

ಅಜ್ಜಿ ಬಸ್ಸಿಗೆ ನಡೆದು ಹೋದಳು. ಗಾಳಿಮಾಮ ಕಾರನ್ನು ಹಿಮ್ಮುಖವಾಗಿ ತಳ್ಳಿ, ಬಾಲ ಗೋಡೆಗೆ ತಾಗುವಂತೆ ಮೂಲೆಗೆ ಸೇರಿಸಿದ. ಅಪ್ಪ ಹಲಗೆ ನೋಡಿಕೊಂಡು ಫೋನಿನಲ್ಲಿ ಆರ್ಡರ್ ಕೊಟ್ಟ.

ಪುಟ್ಟಿ ಹೋಮ್‌ವರ್ಕ್ ಮಾಡುವುದು ಹಳೇ ಟೈರುಗಳ ರಾಶಿಯ ಮೇಲೆ ಕೂತು. ಅವತ್ತು ಆ ರಾಶಿಗೂ ಕಾರಿನ ಹಿಂದಿನ ಪಕ್ಕಕ್ಕೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಪೆನ್ಸಿಲ್ ಕೆಳಗೆ ಬಿತ್ತು. ಉರುಳಿಕೊಂಡು ಕಾರಿನ ಕೆಳಗೆ ಹೋಯಿತು. ಅದನ್ನು ತೆಗೆಯಲು ಬಗ್ಗಿದಾಗ ಹಿಂದಿನ ಚಕ್ರ ಮೂಗಿನ ಎದುರಿಗೇ ಇತ್ತು.

ದಪ್ಪ ಚಕ್ರ.

ಟಾರ್ಚ್ ತಂದು ಓರೆಯಾಗಿ ಹಿಡಿದಳು. ಇನ್ನೂರ ಐವತ್ತೈದು. ಮೂವತ್ತೈದು. ಹದಿನೆಂಟು.

ಆ ಕಡೆಯದನ್ನೂ ನೋಡಿದಳು. ಅದೂ ಅಷ್ಟೇ.

ಮುಂದಿನದೊಂದು ಅಳತೆ, ಹಿಂದಿನದೊಂದು ಅಳತೆ. ಅವಳು ಒಂದನ್ನು ಓದಿ ನಾಲ್ಕು ಬರೆದಿದ್ದಳು.

ರಾತ್ರಿಯ ಊಟಕ್ಕೆ ಕೂತಾಗ ಅಪ್ಪನ ಅಂಗಿಯ ಜೇಬು ನೋಡಿದಳು. ಅದು ಖಾಲಿ ಇತ್ತು. ಸೀಮೆಸುಣ್ಣ ಇನ್ನೂ ಹಲಗೆಯ ಅಂಚಿನಲ್ಲಿತ್ತು.

"ಅಪ್ಪಾ."

"ಹೂಂ."

"ಏನಿಲ್ಲ."

"ಹೂಂ," ಎಂದ ಅಪ್ಪ.

ಮರುದಿನ ಶಾಲೆಯಲ್ಲಿ ಪುಟ್ಟಿ ಮೂರನೇ ಬೆಂಚಿನ ಒಂದು ತುದಿಗೆ ಕೂತಿದ್ದಳು. ಇನ್ನೊಂದು ತುದಿಯಲ್ಲಿ ಹೋದ ವರ್ಷ ಕೂರುತ್ತಿದ್ದ ಗೆಳತಿ ಊರು ಬಿಟ್ಟು ಹೋಗಿದ್ದಳು. ಆ ಜಾಗಕ್ಕೆ ಪುಟ್ಟಿಯ ಬ್ಯಾಗ್ ಬಂದು ಕೂತಿತ್ತು. ತರಗತಿಯಲ್ಲಿ ಅವಳಿಗೆ "ರಬ್ಬರ್" ಎಂದು ಹೆಸರು. ಬಟ್ಟೆ ಎಷ್ಟು ಒಗೆದರೂ ಟೈರಿನ ವಾಸನೆ ಹೋಗುತ್ತಿರಲಿಲ್ಲ.

"ಏಯ್, ಸ್ವಲ್ಪ ಆಚೆ ಸರಿ, ಪಂಕ್ಚರ್ ವಾಸನೆ," ಎಂದ ಹಿಂದಿನ ಬೆಂಚಿನವನು.

"ಪಂಕ್ಚರಿಗೆ ವಾಸನೆ ಇರಲ್ಲ. ಅದಕ್ಕೆ ಹಚ್ಚೋ ಸೊಲ್ಯೂಶನ್ನಿಗೆ ಇರುತ್ತೆ," ಎಂದಳು ಪುಟ್ಟಿ. ಅದು ನಿಜ. ಆದರೆ ನಿಜ ಹೇಳಿದರೆ ಯಾರೂ ಪಕ್ಕಕ್ಕೆ ಬಂದು ಕೂರುವುದಿಲ್ಲ.

ಅವತ್ತು ಗಣಿತದ ಟೀಚರ್ ಶೇಕಡಾ ಹೇಳಿಕೊಡುತ್ತಿದ್ದರು. "ನೂರರಲ್ಲಿ ನಲವತ್ತು ಅಂದ್ರೆ ಶೇಕಡಾ ನಲವತ್ತು."

ನಲವತ್ತು! ಪುಟ್ಟಿ ನೆಟ್ಟಗೆ ಕೂತಳು. ಅಪ್ಪ ಯಾವತ್ತೋ ಒಮ್ಮೆ ಹೇಳಿದ್ದ. ಟೈರಿನ ಮೊದಲ ಅಂಕಿ ಅದರ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾ ಇಷ್ಟು ಅಂತ. ಕೊನೆಯದು ಒಳಗಿನ ಲೋಹದ ರಿಮ್ಮಿನ ಅಳತೆ.

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಮಾಡಿದಳು. ಇನ್ನೂರ ಇಪ್ಪತ್ತೈದರ ಶೇಕಡಾ ನಲವತ್ತು: ತೊಂಬತ್ತು. ಇನ್ನೂರ ಐವತ್ತೈದರ ಶೇಕಡಾ ಮೂವತ್ತೈದು: ಎಂಬತ್ತೊಂಬತ್ತೂ ಕಾಲು.

ತೊಂಬತ್ತು. ಎಂಬತ್ತೊಂಬತ್ತೂ ಕಾಲು. ಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ. ಪೆನ್ಸಿಲಿನ ಮೊನೆಯಷ್ಟೂ ಇಲ್ಲ!

ರಿಮ್ಮಿನ ಎತ್ತರ ನಾಲ್ಕಕ್ಕೂ ಹದಿನೆಂಟೇ. ಅಂದಮೇಲೆ ಹಿಂದೆ ಸಣ್ಣದು ಹಾಕಿದರೂ ಕಾರು ಓರೆಯಾಗುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಇನ್ನೇನು ಬೇಕು? ಪುಟ್ಟಿ ಹಾಳೆಯನ್ನು ಮಡಿಚಿಟ್ಟಳು. ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಡಬ್ಬಿ ತೆರೆದಳು. ಲೆಕ್ಕ ಸರಿ ಬಂದಿತ್ತು. ಆದರೂ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು.

ಸಂಜೆ ಅಂಗಡಿಗೆ ಬಂದಾಗ ಅಜ್ಜಿ ಕಾರಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಚಕ್ರದ ಲಾಕ್ ನಟ್ಟಿನ ಕೀ ಮನೆಯಲ್ಲೇ ಮರೆತಿದ್ದಳಂತೆ. ಅದಿಲ್ಲದಿದ್ದರೆ ಚಕ್ರ ಬಿಚ್ಚಲಾಗುವುದಿಲ್ಲ. ಕೊಟ್ಟು ಹೋಗಲು ಬಂದಿದ್ದಳು. ಅಪ್ಪ ಒಳಗೆ ಹಾಲಿನ ವ್ಯಾನಿನ ಕೆಳಗೆ ಮಲಗಿ ಏನೋ ನೋಡುತ್ತಿದ್ದ. ಗೋಡೆ ಗಡಿಯಾರದಲ್ಲಿ ನಾಲ್ಕೂವರೆ.

"ಬಾ ಪುಟ್ಟಿ. ಶಾಲೇಲಿ ಏನು ಕಡಿದು ಹಾಕ್ದೆ?" ಎಂದಳು ಅಜ್ಜಿ.

"ಶೇಕಡಾ." ಪುಟ್ಟಿ ಬ್ಯಾಗ್ ಇಳಿಸಿದಳು. "ಅಜ್ಜೀ, ಬೆಟ್ಟದಲ್ಲಿ ಯಾರಿದಾರೆ?"

"ಯಾರೂ ಇಲ್ಲ."

"ಮತ್ತೆ ಯಾಕೆ ಹೋಗ್ತೀರಿ?"

"ಮೂವತ್ತೊಂದು ವರ್ಷ ಗಾಡಿ ಓಡಿಸ್ದೆ. ಒಂದು ಸಲಾನೂ ನಾನು ಹೇಳಿದ ಕಡೆಗೆ ಹೋಗ್ಲಿಲ್ಲ. ಹಿಂದೆ ಯಾರಾದ್ರೂ ನರಳ್ತಾ ಇರೋರು. ಈಗ ನಂಗೆ ಬೇಕಾದ ಕಡೆ ಹೋಗಿ, ಇಳಿದು, ಒಂದು ಕಪ್ ಟೀ ಕುಡಿದು ಬರ್ತೀನಿ."

"ಜೊತೆಗೆ?"

"ಬ್ಯಾಗ್ ಬರುತ್ತೆ. ಪಕ್ಕದ ಸೀಟಲ್ಲಿ ಕೂತ್ಕೊಳ್ಳುತ್ತೆ. ತಗಾದೆ ಇಲ್ಲ."

ಪುಟ್ಟಿ ತನ್ನ ಬ್ಯಾಗಿನ ಕಡೆ ನೋಡಿದಳು. ಆಮೇಲೆ ಹಿಂದಿನ ಚಕ್ರದ ಕಡೆ ಬೆರಳು ಮಾಡಿದಳು. ಸುಮ್ಮನೆ ಕೇಳಿದ ಹಾಗೆ ಕೇಳಿದಳು. "ಇದು ಯಾಕೆ ದಪ್ಪ?"

"ತಳ್ಳೋದು ಇದೇ ಅಲ್ವಾ? ಇಂಜಿನ್ನಿನ ಜೋರೆಲ್ಲ ಹಿಂದಿನ ಚಕ್ರಕ್ಕೆ ಬರುತ್ತೆ. ಅಗಲ ಇದ್ರೆ ನೆಲ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಮುಂದಿನದಕ್ಕೆ ತಿರುಗೋ ಕೆಲಸ."

"ಹಿಂದೇನೂ ಸಣ್ಣದು ಹಾಕಿದ್ರೆ? ಎತ್ತರ ಒಂದೇ ಇದ್ರೆ?"

"ಎತ್ತರ ಕಟ್ಕೊಂಡು ಏನ್ ಮಾಡ್ತೀಯ? ಒದ್ದೆ ತಿರುವಲ್ಲಿ ಬಾಲ ಬೀಸಿ ಪಲ್ಟಿ ಹೊಡೆಯುತ್ತೆ." ಅಜ್ಜಿ ವಾಚು ತಿರುಗಿಸಿದಳು. "ಹಾಗೆ ಹಾಕಿಸ್ಕೊಂಡ ಒಬ್ಬನ್ನ ನಾನೇ ಆಸ್ಪತ್ರೆಗೆ ಸಾಗ್ಸಿದೀನಿ. ದಾರಿಯುದ್ದಕ್ಕೂ 'ಹೊಸ ಟೈರು, ಹೊಸ ಟೈರು' ಅಂತಿದ್ದ."

ಪುಟ್ಟಿ ಗಡಿಯಾರ ನೋಡಿದಳು. ನಾಲ್ಕು ಮೂವತ್ತೆಂಟು.

ಅವಳು ವ್ಯಾನಿನ ಹತ್ತಿರ ಹೋಗಿ ನಿಂತಳು. ಅಪ್ಪನ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಕಾಲಿಗೆ ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಸುಲಭ ಅನ್ನಿಸಿತು.

"ಅಪ್ಪಾ. ಕೆಂಪು ಕಾರಿಂದು ತಪ್ಪು ಬರೆದಿದೀನಿ. ಹಿಂದಿನ ಎರಡು ಬೇರೆ ಅಳತೆ. ನಾನು ಮುಂದಿನದು ಒಂದೇ ಓದಿದೆ."

ಕಾಲು ಅಲುಗಾಡುವುದು ನಿಂತಿತು.

"ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ನಿನ್ನೆ ಸಂಜೆ."

ಅಪ್ಪ ಜಾರಿಕೊಂಡು ಹೊರಬಂದ. ಎದ್ದು ಕೈ ಒರೆಸಿಕೊಂಡ. ಅವಳ ಕಡೆ ನೋಡಲಿಲ್ಲ. ನೇರ ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ.

ಗಾಳಿಮಾಮ ಪೈಪು ಹಿಡಿದು ನಿಂತಿದ್ದವನು ಬಾಯಿ ತೆರೆದ. ಏನೂ ಹೇಳದೆ ಮುಚ್ಚಿದ. ಪುಟ್ಟಿಗೆ ಅಳು ಬರಲಿಲ್ಲ. ಇನ್ನು ಮೇಲೆ ಸಂಜೆ ಹೊತ್ತು ಅಂಗಡಿಯಲ್ಲಿ ತಾನು ಎಲ್ಲಿ ಕೂರಬೇಕು ಎಂದಷ್ಟೇ ಯೋಚನೆ ಬಂತು.

"ಡಿಪೋಗೆ ಬರೀ ಟೈರ್ ನೋಡಿ ಹೇಳೋಕಾಗಲ್ಲ," ಎಂದ ಅಪ್ಪ, ಗೋಡೆಗೆ ಹೇಳುವವನ ಹಾಗೆ. "ಹಳೇ ಮಾಲೀಕ ಏನು ಹಾಕಿದ್ನೋ ಏನೋ. ಕಂಪನಿ ಅಳತೆ ಬಾಗಿಲ ಹತ್ತಿರ ಸ್ಟಿಕ್ಕರಿನಲ್ಲಿರುತ್ತೆ."

ಅವನು ಕೆಂಪು ಕಾರಿನ ಡ್ರೈವರ್ ಬಾಗಿಲು ತೆರೆದ. ಬಾಗಿಲು ಮುಚ್ಚಿಕೊಳ್ಳುವ ಚೌಕಟ್ಟಿನ ಮೇಲೆ, ಮೊಣಕಾಲಿನ ಎತ್ತರಕ್ಕೆ, ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಟಿಕ್ಕರ್ ಇತ್ತು. ಅದರ ತುಂಬ ಇರುವೆಯ ಸಾಲಿನಂಥ ಅಕ್ಷರ. ಅಪ್ಪ ಕುಕ್ಕರಗಾಲಿನಲ್ಲಿ ಕೂತ. ಮುಖ ಹತ್ತಿರ ತಂದ. ಹಿಂದಕ್ಕೆ ಸರಿದ. ಮತ್ತೆ ಹತ್ತಿರ ತಂದ. ಕಣ್ಣು ಕಿರಿದು ಮಾಡಿದ.

"ಇಲ್ಲಿ ಬೆಳಕೇ ಇಲ್ಲ," ಎಂದ.

ಸಂಜೆಯ ಬಿಸಿಲು ಶಟರಿನ ಕೆಳಗಿಂದ ಒಳಗೆ ನುಗ್ಗಿ ನೇರ ಆ ಸ್ಟಿಕ್ಕರಿನ ಮೇಲೇ ಬಿದ್ದಿತ್ತು. ಅದರ ಮೂಲೆಯಲ್ಲಿದ್ದ ಬೆರಳಿನ ಗುರುತು ಕೂಡ ಪುಟ್ಟಿಗೆ ನಿಂತಲ್ಲಿಂದಲೇ ಕಾಣುತ್ತಿತ್ತು.

ಅವಳು ಅಪ್ಪನನ್ನು ನೋಡಿದಳು. ಅವನ ಕತ್ತಿನ ಹಿಂದೆ ಗ್ರೀಸ್ ಮೆತ್ತಿತ್ತು. ಬೆಳಿಗ್ಗೆ ಬಂದ ಗಾಡಿಗಳು ಸಂಜೆವರೆಗೆ ತನಗಾಗಿ ಕಾಯುತ್ತಿದ್ದುದು ನೆನಪಾಯಿತು. ಅಮ್ಮ ಫೋನಿಗೆ ಕಳಿಸಿದ ಮೆಸೇಜನ್ನು ತೋರಿಸಿ ಅಪ್ಪ "ನೀನೇ ಓದು, ನಂಗೆ ಕೈ ಕೊಳೆ" ಎನ್ನುತ್ತಿದ್ದುದು ನೆನಪಾಯಿತು. ಊಟ ಮಾಡಿ ಕೈ ತೊಳೆದ ಮೇಲೂ ಅವನು ಹಾಗೇ ಅನ್ನುತ್ತಿದ್ದ.

ಗಾಳಿಮಾಮ ಈ ಕಡೆಗೇ ನೋಡುತ್ತಿದ್ದ. ಅಜ್ಜಿಯೂ ನೋಡುತ್ತಿದ್ದಳು.

"ಹೌದಪ್ಪಾ, ಕತ್ತಲು," ಎಂದಳು ಪುಟ್ಟಿ.

ಹೋಗಿ ಟಾರ್ಚ್ ತಂದಳು. ಅಪ್ಪನ ಪಕ್ಕದಲ್ಲಿ ಮಂಡಿಯೂರಿದಳು. ಬಿಸಿಲಿನಲ್ಲೇ ಟಾರ್ಚ್ ಹಾಕಿ ಸ್ಟಿಕ್ಕರಿಗೆ ಹಿಡಿದಳು. ಅದರ ಬೆಳಕು ಬಿದ್ದದ್ದೇ ಗೊತ್ತಾಗಲಿಲ್ಲ.

ಅಪ್ಪ ಟಾರ್ಚಿನ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ಓದು," ಎಂದ.

"ಮುಂದೆ ಇನ್ನೂರ ಇಪ್ಪತ್ತೈದು, ನಲವತ್ತು, ಹದಿನೆಂಟು."

"ಹೂಂ."

"ಹಿಂದೆ ಇನ್ನೂರ ಐವತ್ತೈದು, ಮೂವತ್ತೈದು, ಹದಿನೆಂಟು."

"ಇನ್ನೊಂದು ಸಲ ಹೇಳು."

ಅವಳು ಇನ್ನೊಂದು ಸಲ ಹೇಳಿದಳು. ಅಪ್ಪ ಅಲ್ಲೇ ಕೂತು ಡಿಪೋಗೆ ಫೋನ್ ಹಚ್ಚಿದ. "ನಮ್ಮ ಆರ್ಡರಲ್ಲಿ ಎರಡು ಬದಲಾಯಿಸಿ... ಹೌದು, ಎರಡೇ... ಇಲ್ಲ, ತಪ್ಪು ನಂದೇ. ಒಂದೇ ಚಕ್ರ ಓದ್ಸಿದ್ದೆ." ನಾಲ್ಕು ಐವತ್ತೊಂದು. ಲಾರಿ ಇನ್ನೂ ಹೊರಟಿರಲಿಲ್ಲ.

"ನೋಡಿದ್ರಾ," ಎಂದ ಗಾಳಿಮಾಮ ಅಜ್ಜಿಗೆ, "ಒಂದಗುಳು ನೋಡಿದ್ದಕ್ಕೆ ಅರ್ಧ ಪಾತ್ರೆ ಅಕ್ಕಿಯಾಗೇ ಉಳಿದಿತ್ತು."

"ನೀನು ಗಾಳಿ ಹಾಕಪ್ಪ," ಎಂದಳು ಅಜ್ಜಿ.

ಅಪ್ಪ ಎದ್ದು ಜೇಬಿಗೆ ಕೈ ಹಾಕಿದ. ಬಗ್ಗಿ ಕೂತಾಗ ಸೀಮೆಸುಣ್ಣ ಮುರಿದು ಮೂರು ಚೂರಾಗಿತ್ತು. ದೊಡ್ಡ ಚೂರನ್ನು ಹುಡುಕಿ ಅಂಗಿಗೆ ಒರೆಸಿ ಪುಟ್ಟಿಯ ಮುಂದೆ ಹಿಡಿದ.

"ಸರಿಯಾಗಿ ಬರಿ. ಮುಂದೆ ಬೇರೆ, ಹಿಂದೆ ಬೇರೆ."

ಗಾಳಿಮಾಮನ ಬಾಯಿ ಮತ್ತೆ ತೆರೆಯಿತು. "ಅಣ್ಣಾ, ಇದು ಅನ್ಯಾಯ!"

"ತಪ್ಪಾಗಿದೆ ಅಂತ ನೀನಾಗೇ ಹೇಳಿದ್ಯಾ? ಟೈರು ರಿಮ್ಮಿಗೆ ಹತ್ತದೆ ಇದ್ದಾಗ ಟೈರೇ ಹೇಳ್ತು," ಎಂದ ಅಪ್ಪ.

ಶುಕ್ರವಾರ ಟೈರು ಬಂದವು. ಶನಿವಾರ ಅಜ್ಜಿ ಕಾರು ತೆಗೆದುಕೊಂಡು ಹೋದಳು. ರಸ್ತೆಯ ತಿರುವಿನಲ್ಲಿ ಒಂದು ಸಲ ಹಾರ್ನ್ ಹೊಡೆದಳು. ಪಕ್ಕದ ಸೀಟಿನಲ್ಲಿ ಬ್ಯಾಗ್ ಕೂತಿತ್ತು. ಅದಕ್ಕೆ ಸೀಟ್ ಬೆಲ್ಟೂ ಹಾಕಿದ್ದಳು.

ಸೋಮವಾರ ಶಾಲೆಯಲ್ಲಿ ಮೂರನೇ ಬೆಂಚು ಹಾಗೇ ಇತ್ತು. ಹಿಂದಿನವನು ಮೂಗು ಮುಚ್ಚಿಕೊಂಡ. ಪುಟ್ಟಿ ಪುಸ್ತಕ ತೆರೆದಳು. ಮನೆಗೆ ಹೋಗುವ ದಾರಿಯಲ್ಲಿ ಔಷಧಿ ಅಂಗಡಿಯ ಗಾಜಿನೊಳಗೆ ಓದುವ ಕನ್ನಡಕಗಳ ಸಾಲು ಕಂಡಿತು. ಒಂದು ಗಳಿಗೆ ನಿಂತು ನೋಡಿದಳು. ಈ ವಿಷಯ ಗಾಳಿಮಾಮನಿಗೆ ಹೇಳಬಾರದು. ಅಮ್ಮ ಬಂದಾಗ ಅವಳೊಬ್ಬಳಿಗೇ ಹೇಳಬಹುದು.

ಅಂಗಡಿಯಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಬೆಳಿಗ್ಗೆಯಿಂದ ನಿಂತಿದ್ದ ಹಾಗೆ ಕಾಣುತ್ತಿತ್ತು.

"ಓದು," ಎಂದ ಅಪ್ಪ.

ಪುಟ್ಟಿ ಮುಂದಿನ ಚಕ್ರ ಓದಿದಳು. ಅಪ್ಪ "ಬರಿ" ಅನ್ನಲಿಲ್ಲ. ಕಾಯುತ್ತ ನಿಂತ.

"ಮಿಕ್ಕಿದ್ದು?"

"ಇದು ಮಾಮೂಲಿ ಕಾರು ಅಪ್ಪಾ. ನಾಲ್ಕೂ ಒಂದೇ ಇರುತ್ತೆ."

"ಇರ್ಲಿ. ಓದು. ನಂಗೇನು ಅವಸರ ಇಲ್ಲ."

ಅವಳು ಟಾರ್ಚ್ ಹಿಡಿದು ಎರಡನೆಯ ಚಕ್ರಕ್ಕೆ ಹೋದಳು. ಅದೇ ಅಂಕಿ. ಅಪ್ಪ ಅವಳ ಹಿಂದೆಯೇ ಬಂದು, ಮೊದಲ ಸಲ ಕೇಳುವವನ ಹಾಗೆ, "ಹೂಂ" ಎಂದ. ಮೂರನೆಯದೂ ಅದೇ. "ಹೂಂ."

ನಾಲ್ಕನೆಯ ಚಕ್ರದ ಹತ್ತಿರ ಪುಟ್ಟಿ ಮಂಡಿಯೂರಿ, ಹೆಬ್ಬೆರಳಿನಿಂದ ಧೂಳನ್ನು ಪೂರ್ತಿ ಉಜ್ಜಿ, ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದತೊಡಗಿದಳು.